ರಾಣಿ ಪಾತ್ರದವರಿಗೆ ನಾನು ಬರೆದ ಕಾಗದ

ನಮ್ಮ ಮಾವನವರು ಐವತ್ತು ದಾಟಿದ ಮೇಲೆ ರಾಜನ ಪಾತ್ರ ಮಾಡಬೇಕೆಂದು ಹಟ ಹಿಡಿದರು. ನಾನು ಆ ಮನೆಗೆ ಸೊಸೆಯಾಗಿ ಬಂದು ಆಗಿನ್ನೂ ಎರಡು ವರ್ಷ. ಪಾಂಡವಪುರದಲ್ಲಿ ಹುಟ್ಟಿ ಬೆಳೆದವಳು. ಅರಕೆರೆಗೆ ಎರಡು ಮೈಲಿ ದೂರದ ಈ ಊರಿಗೆ ಮದುವೆಯಾಗಿ ಬಂದು, ಇಲ್ಲಿನ ಪ್ರೈಮರಿ ಸ್ಕೂಲಿನಲ್ಲೇ ಟೀಚರಾಗಿದ್ದೆ. ತೊಂಬತ್ತರ ದಶಕದ ಮೊದಲ ವರ್ಷಗಳು. ನಾಲೆ ನೀರು ಹರಿಯುವ ಊರಾದ್ದರಿಂದ ಜನಕ್ಕೆ ಯಾವಾಗಲೂ ಕೆಲಸ. ಭತ್ತದ ಕುಯ್ಲು ಮುಗಿದ ಮೇಲೆ ಮಾತ್ರ ಒಂದಿಷ್ಟು ಬಿಡುವು. ಆ ಬಿಡುವಿಗೆ ಅಂತಲೇ ನಾಟಕ.

ಮಾವನವರು ಓದಿದ್ದು ಮೂರನೇ ಕ್ಲಾಸು. ಪಾತ್ರದ ಮಾತುಗಳನ್ನು ಬಾಯಿಪಾಠ ಮಾಡಿಸುವ ಕೆಲಸ ನನ್ನ ಪಾಲಿಗೆ ಬಂತು. ಬೆಳಿಗ್ಗೆ ಅವರು ಕೊಟ್ಟಿಗೆಯಲ್ಲಿ ಹಾಲು ಕರೆಯಲು ಕೂತರೆ, ನಾನು ಕಂಬಕ್ಕೆ ಒರಗಿ ನಿಂತು ನೋಟ್‌ಬುಕ್ಕಿನಿಂದ ಒಂದೊಂದೇ ಸಾಲು ಓದುತ್ತಿದ್ದೆ. ಅವರು ಹಸುವಿನ ಹೊಟ್ಟೆಗೆ ತಲೆ ಆನಿಸಿಕೊಂಡು ಅದನ್ನೇ ಗಟ್ಟಿಯಾಗಿ ಹೇಳುತ್ತಿದ್ದರು. ಡೈರಿಗೆ ಹಾಲು ಹೋಗುವ ಹೊತ್ತಿಗೆ ನಾಲ್ಕು ಮಾತು, ಒಂದು ಪದ್ಯ ಬಾಯಿಗೆ ಬಂದಿರುತ್ತಿತ್ತು.

ನಾಟಕ ಕಲಿಸುತ್ತಿದ್ದವರು ಅಕ್ಕಿಹೆಬ್ಬಾಳಿನ ಕಡೆಯ ಹಾರ್ಮೋನಿಯಂ ಮೇಷ್ಟ್ರು. ಕಥೆಯನ್ನೂ ಪದ್ಯಗಳನ್ನೂ ಅವರೇ ಬರೆದಿದ್ದರು. ಒಬ್ಬ ರಾಜ ತನ್ನ ಪ್ರತಿಷ್ಠೆಗೆ ಬಿದ್ದು ಒಬ್ಬನೇ ಮಗನನ್ನು ಯುದ್ಧಕ್ಕೆ ಕಳಿಸುತ್ತಾನೆ. ಮಗ ಸಾಯುತ್ತಾನೆ. ಆ ಸುದ್ದಿಯನ್ನು ದರ್ಬಾರಿಗೆ ತಂದು ಹೇಳುವವಳು ರಾಣಿ. ಇಡೀ ನಾಟಕ ನಿಂತಿದ್ದು ಆ ಒಂದು ದೃಶ್ಯದ ಮೇಲೆ.

ರಾಣಿಯ ಪಾತ್ರಕ್ಕೆ ಊರಿನ ಹೆಂಗಸರು ಯಾರೂ ಬರುವ ಕಾಲವಲ್ಲ ಅದು. ಮೈಸೂರು, ಮಂಡ್ಯ, ಶ್ರೀರಂಗಪಟ್ಟಣದಿಂದ ಕಲಾವಿದೆಯರನ್ನು ಕರೆಸುತ್ತಿದ್ದರು. ಅವರು ಕೊನೆಯ ಎರಡು ಪ್ರಾಕ್ಟೀಸಿಗೆ ಬಂದು, ಎಲ್ಲಿ ಒಳಗೆ ಬರಬೇಕು, ಎಲ್ಲಿ ಹೊರಗೆ ಹೋಗಬೇಕು ಅಂತ ಕೇಳಿಕೊಂಡು ಪಾತ್ರ ಮಾಡಿ ಹೋಗಿಬಿಡುತ್ತಿದ್ದರು. ಮೇಷ್ಟ್ರು ಮಾತ್ರ ಆ ವರ್ಷ, "ಶ್ರೀರಂಗಪಟ್ಟಣದಲ್ಲಿ ಒಬ್ಬರವ್ರೆ. ಬಾಯಿ ವಸಿ ಜೋರು. ಆದ್ರೆ ಪಾತ್ರ ಅಂದ್ರೆ ಅವ್ರದೇ," ಅಂದರು. ಊರಿನವರು ಒಪ್ಪಿ ಹೇಳಿಕಳಿಸಿದರು. ಆಕೆಯಿಂದ ಬಂದ ಉತ್ತರ ಎಲ್ಲರಿಗೂ ವಿಚಿತ್ರವಾಗಿ ಕಂಡಿತು. ಎಂಟು ಭಾನುವಾರ ಪ್ರಾಕ್ಟೀಸಿಗೆ ಬರುತ್ತೇನೆ, ಎಂಟೂ ದಿನ ಪಾತ್ರಧಾರಿಗಳೆಲ್ಲ ಇರಬೇಕು, ಒಪ್ಪಿಗೆ ಇಲ್ಲದಿದ್ದರೆ ಬೇರೆಯವರನ್ನು ನೋಡಿಕೊಳ್ಳಿ.

ಪ್ರಾಕ್ಟೀಸು ನಮ್ಮ ಸ್ಕೂಲಿನಲ್ಲೇ. ಮಾವನವರಿಗೆ ಮಾತು ಎತ್ತಿಕೊಡಲು ನಾನೂ ಹೋಗುತ್ತಿದ್ದೆ. ಮೊದಲ ಭಾನುವಾರ ಆಕೆ ಹತ್ತು ಗಂಟೆಯ ಬಸ್ಸಿಗೆ ಬಂದಿಳಿದರು. ನಲವತ್ತೈದರ ಆಸುಪಾಸು, ಎತ್ತರದ ಕಪ್ಪು ಹೆಂಗಸು. ಎಣ್ಣೆ ಹಚ್ಚಿ ಬಿಗಿಯಾಗಿ ಕಟ್ಟಿದ ತುರುಬು, ಕೈಗೆ ಗಂಡಸರು ಕಟ್ಟುವಂಥ ದೊಡ್ಡ ವಾಚು. ಸ್ಕೂಲಿನ ಜಗಲಿಯಲ್ಲಿ ಕಾಫಿ ತಂದಿಟ್ಟರೆ ಅದರ ಕಡೆ ನೋಡಲೇ ಇಲ್ಲ.

"ಮಂತ್ರಿ ಎಲ್ಲಿ?" ಅಂದರು.

ಮಂತ್ರಿ ಪಾತ್ರ ನಮ್ಮೂರಿನ ಪೋಸ್ಟ್‌ಮ್ಯಾನ್‌ದು. ಅವರು ಅತ್ತೆ ಮನೆಗೆ ಹೋಗಿದ್ದರು. "ಬತ್ತಾರೆ, ನೀವು ಕಾಫಿ ಕುಡೀರಿ," ಅಂದರು ಯಾರೋ.

"ಮಂತ್ರಿ ಇಲ್ದೆ ಯಾವ ದರ್ಬಾರು ನಡೆಸ್ತೀರಿ? ಅವರು ಬರ್ಲಿ, ಆಮೇಲೆ ಕುಡೀತೀನಿ," ಅಂದು ಸ್ಕೂಲಿನ ಬೆಂಚಿನ ಮೇಲೆ ಕೂತರು. ಒಂದೂವರೆ ಗಂಟೆ ಹಾಗೇ ಕೂತಿದ್ದರು. ಕಾಫಿ ಆರಿ ಕೆನೆ ಕಟ್ಟಿತು. ಊರ ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೊರಗಿನಿಂದ ಬಂದ ಕಲಾವಿದೆ ಅಂದರೆ ಒಂದಷ್ಟು ನಗು, ತಮಾಷೆ ಇರುತ್ತದೆ ಅಂದುಕೊಂಡವರು ಅವರು. ಕಿಟಕಿಯಲ್ಲಿ ಇಣುಕಿ ಶಿಳ್ಳೆ ಹಾಕಿದವರ ಹತ್ತಿರ ಆಕೆ ಸೀದಾ ಹೋಗಿ, "ಇನ್ನೊಂದ್ ಸಲ ಹಾಕಿ, ಯಾವ ಶ್ರುತಿ ಅಂತ ಮೇಷ್ಟ್ರು ನೋಡ್ಲಿ," ಅಂದಾಗ ಕಿಟಕಿಯೇ ಖಾಲಿಯಾಯಿತು.

ಮಂತ್ರಿ ಬಂದ ಮೇಲೆ ಆಕೆ ಹಾಡಿದರು. ಪದ್ಯದ ಮೊದಲ ಮಾತನ್ನು ಎಷ್ಟು ತಗ್ಗಿದ ದನಿಯಲ್ಲಿ ಎತ್ತಿಕೊಂಡರೆಂದರೆ ಎಲ್ಲರೂ ಮುಂದಕ್ಕೆ ಬಾಗಿದರು. ಅಲ್ಲಿಯವರೆಗೆ ನಾನು ಕೇಳಿದ್ದ ನಾಟಕದವರೆಲ್ಲ ಜನರ ಕಡೆಗೆ ದನಿಯನ್ನು ಎಸೆಯುತ್ತಿದ್ದರು. ಈಕೆ ಜನರನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಿದ್ದರು. ಪಕ್ಕದ ಕಣದಲ್ಲಿ ಅವರೆ ಬಡಿಯುತ್ತಿದ್ದ ಹೆಂಗಸರು ಕೈಯಲ್ಲಿ ಮೊರ ಹಿಡಿದುಕೊಂಡೇ ಬಂದು ಬಾಗಿಲಲ್ಲಿ ನಿಂತರು. ಹಾಡು ಮುಗಿದಾಗ ಮೇಷ್ಟ್ರು ಹಾರ್ಮೋನಿಯಂ ಮೇಲಿಂದ ಕೈ ತೆಗೆಯುವುದನ್ನೇ ಮರೆತಿದ್ದರು.

ಆದರೆ ಹಾಡು ಮುಗಿದ ಮರುಗಳಿಗೆ ಬಾಯಿ ಶುರುವಾಗುತ್ತಿತ್ತು. ಮೇಷ್ಟ್ರಿಗೆ, "ತಾಳ ಓಡ್ತಾ ಐತೆ, ಬಸ್ಸು ಹಿಡೀಬೇಕಾ?" ಅನ್ನುವರು. ಸೇನಾಪತಿಗೆ, "ಕತ್ತಿ ಹಿಡ್ದಿದ್ದೀರೋ, ಕುಡ್ಲು ಹಿಡ್ದಿದ್ದೀರೋ?" ಅನ್ನುವರು. ಪೋಸ್ಟ್‌ಮ್ಯಾನ್ ಸಂಕೋಚದ ಮನುಷ್ಯ, ಸ್ವಲ್ಪ ತೊದಲು. ಮೂರನೇ ಭಾನುವಾರ ಅವರಿಂದ ಒಂದೇ ಮಾತನ್ನು ಎಲ್ಲರೆದುರು ಹನ್ನೊಂದು ಸಲ ಹೇಳಿಸಿದರು. ಹನ್ನೊಂದನೇ ಸಲವೂ ಸರಿಹೋಗದಾಗ, "ನಿಮ್ಮ ರಾಜ್ಯ ಹಾಳಾಗಿದ್ದು ಯಾಕೆ ಅಂತ ಈಗ ಗೊತ್ತಾಯ್ತು," ಅಂದರು. ಜನ ನಕ್ಕರು. ಪೋಸ್ಟ್‌ಮ್ಯಾನ್ ತಾನೂ ನಕ್ಕು, ಮಾರನೆಯ ದಿನ ಮೇಷ್ಟ್ರಿಗೆ ಪಾತ್ರದ ನೋಟ್‌ಬುಕ್ ವಾಪಸು ಕೊಟ್ಟು, ಇನ್ನು ಬರಲ್ಲ ಅಂದುಬಿಟ್ಟರು.

ನಾಲ್ಕನೇ ಭಾನುವಾರ ಮಾವನವರ ಸರದಿ. ಮಗ ಸತ್ತ ಸುದ್ದಿ ಕೇಳಿ ರಾಜ ಆಡುವ ಮಾತು. ಮಾವನವರು ಎದೆಯುಬ್ಬಿಸಿ, ಗೋಡೆ ಅದುರುವ ಹಾಗೆ ಗರ್ಜಿಸಿದರು. ಮನೆಯಲ್ಲಿ ನಾನು ಹಾಗೇ ಹೇಳಿಕೊಟ್ಟಿದ್ದೆ. ಗಟ್ಟಿಯಾಗಿ ಹೇಳಿದರೆ ಚೆನ್ನ ಅಂತ ನಾನೂ ನಂಬಿದ್ದೆ.

ಆಕೆ ಕೈ ಎತ್ತಿ ನಿಲ್ಲಿಸಿದರು. "ಯಜಮಾನ್ರೇ, ಸತ್ತಿರೋದು ನಿಮ್ಮ ಮಗ. ನೀವು ನೋಡಿದ್ರೆ ಗದ್ದೆ ನೀರು ತಿರುಗಿಸ್ಕೊಂಡೋರನ್ನ ಬಯ್ತಾ ಇದ್ದೀರಿ."

ಇಡೀ ಸ್ಕೂಲು ನಕ್ಕಿತು. ಮಾವನವರ ಮುಖ ಕೆಂಪಾಯಿತು.

"ಯಾರು ಇದನ್ನ ಓದಿಸಿದ್ದು?" ಅಂದರು ಆಕೆ.

"ನಮ್ ಸೊಸೆ. ಟೀಚರು," ಅಂದರು ಮಾವ.

ಆಕೆ ನನ್ನ ಕಡೆ ತಿರುಗಿ, "ಮಕ್ಕಳಿಗೂ ಇಂಗೇ ಓದಿಸ್ತೀರಾ ಟೀಚರಮ್ಮ?" ಅಂದರು.

ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಮಾವನವರು ಹೆಗಲ ಟವೆಲ್ ಕೊಡವಿಕೊಂಡು ಹೊರಟೇಹೋದರು.

ಆ ಬುಧವಾರ ನಮ್ಮ ಮನೆಯ ಜಗಲಿಯಲ್ಲಿ ನಾಟಕದವರೆಲ್ಲ ಸೇರಿದರು. "ಕಲೆ ಇದ್ರೆ ಸಾಕಾ? ನಡತೆ ಬ್ಯಾಡ್ವಾ?" ಅಂದರು ಸೇನಾಪತಿ ಪಾತ್ರದವರು. "ನಾವೇನ್ ಅವಳ ಆಳುಗಳಾ? ಖುಷಿಗೆ ಅಂತ ನಾಟಕ ಕಟ್ಟೋರು ನಾವು." ಇನ್ನೊಬ್ಬರು, "ಪೋಸ್ಟ್‌ಮ್ಯಾನ್ ಆಯ್ತು, ಯಜಮಾನ್ರಾಯ್ತು, ನಾಳೆ ಯಾರೋ?" ಅಂದರು. ಅವರ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ.

ಮೇಷ್ಟ್ರು ಮಾತ್ರ, "ಅವರನ್ನ ಬುಟ್ರೆ ರಾಣಿ ಸಿಕ್ತಾಳೆ. ಈ ರಾಣಿ ಸಿಕ್ಕಲ್ಲ. ನೋಡ್ಕಳಿ," ಅಂದರು.

ಮಾವನವರು ಹೊಸಲ ಹತ್ತಿರ ನಿಂತಿದ್ದ ನನ್ನನ್ನು ಕರೆದರು. "ನೀನೂ ಅಲ್ಲೇ ಇದ್ದಲ್ಲವ್ವ. ಓದ್ದೋಳು ನೀನು. ನೀನೇ ಯೋಳು, ಇರ್ಲೋ ಬ್ಯಾಡ್ವೋ?"

ಗಂಡಸರ ನಡುವೆ ನನ್ನ ಮಾತು ಕೇಳಿದ್ದು ಅದೇ ಮೊದಲು. ಆ ಹೆಂಗಸು ಹೇಳಿದ್ದು ಸರಿ ಅಂತ ನನಗೆ ಒಳಗೆ ಗೊತ್ತಿತ್ತು. ಭಾನುವಾರ ಸಂಜೆಯೇ ಕೊಟ್ಟಿಗೆಯಲ್ಲಿ ಒಬ್ಬಳೇ ನಿಂತು ರಾಜನ ಆ ಮಾತನ್ನು ಮೆಲ್ಲಗೆ ಹೇಳಿ ನೋಡಿದ್ದೆ, ಅರ್ಧಕ್ಕೇ ನಿಲ್ಲಿಸಿ ಕಣ್ಣೊರೆಸಿಕೊಂಡಿದ್ದೆ. ಆದರೂ, "ಮಕ್ಕಳಿಗೂ ಇಂಗೇ ಓದಿಸ್ತೀರಾ" ಅನ್ನುವ ಮಾತು ಇನ್ನೂ ಚುಚ್ಚುತ್ತಿತ್ತು.

"ಬೇಡ ಬಿಡಿ ಮಾವ," ಅಂದೆ.

ಅಲ್ಲಿಗೆ ತೀರ್ಮಾನವಾಯಿತು. ಕಾಗದ ಬರೆಯುವುದೂ ನನ್ನ ಕೆಲಸವೇ ಆಯಿತು. 'ಈ ಸಲದ ನಾಟಕಕ್ಕೆ ಬೇರೆ ಏರ್ಪಾಡು ಮಾಡಿಕೊಂಡಿದ್ದೇವೆ. ತಮಗೆ ತೊಂದರೆಯಾಗಿದ್ದರೆ ಕ್ಷಮಿಸಬೇಕು' ಅಂತ ಬರೆದೆ. ಅಂಚೆಗೆ ಹಾಕಿದರೆ ಭಾನುವಾರದೊಳಗೆ ಸೇರುವುದಿಲ್ಲ. ಶನಿವಾರ ಬೆಳಗಿನ ಸ್ಕೂಲು ಮುಗಿಸಿ ನಾನು ಹೇಗೂ ಶ್ರೀರಂಗಪಟ್ಟಣಕ್ಕೆ ಹೋಗುವುದಿತ್ತು. ನಾನೇ ಕೊಟ್ಟು ಬರುತ್ತೇನೆ ಅಂದೆ.

ಆಕೆಯ ಮನೆ ಕೋಟೆಯ ಒಳಗಿನ ಒಂದು ಸಣ್ಣ ಬೀದಿಯಲ್ಲಿ. ಎರಡು ಕೋಣೆಯ ಹೆಂಚಿನ ಮನೆ. ಬಾಗಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದರು. ನನ್ನನ್ನು ಕಂಡು, ಸ್ಕೂಲಿನಲ್ಲಿ ಒಮ್ಮೆಯೂ ನೋಡಿರದ ಹಾಗೆ ನಕ್ಕರು. "ಬನ್ನಿ ಟೀಚರಮ್ಮ. ನೀವು ಬಂದಿದ್ದು ಒಳ್ಳೇದಾಯ್ತು, ನಿಮಗೇ ತೋರಿಸ್ಬೇಕು ಅಂತಿದ್ದೆ," ಅಂದು ಒಳಗಿನಿಂದ ಒಂದು ನೋಟ್‌ಬುಕ್ ತಂದರು.

ಅದರಲ್ಲಿ ರಾಣಿಯ ಪಾತ್ರದ ಜೊತೆಗೆ ರಾಜನ ಪಾತ್ರವನ್ನೂ ಪೂರ್ತಿ ಬರೆದುಕೊಂಡಿದ್ದರು. ಮಾವನವರ ಮಾತುಗಳ ನಡುನಡುವೆ ಕೆಂಪು ಪೆನ್ಸಿಲಿನ ಗೀಟು. ಎಲ್ಲಿ ನಿಲ್ಲಬೇಕು, ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಯಾವ ಮಾತು ಅವರ ಬಾಯಿಗೆ ಒಗ್ಗುವುದಿಲ್ಲ, ಅದರ ಬದಲು ಏನು ಹೇಳಿದರೆ ಸುಲಭ, ಎಲ್ಲ ಅಂಚಿನಲ್ಲಿತ್ತು. ಆ ದೃಶ್ಯದಲ್ಲಿ ತಮ್ಮದೇ ಪದ್ಯದ ನಾಲ್ಕು ಸಾಲುಗಳನ್ನು ಹೊಡೆದುಹಾಕಿದ್ದರು.

"ಇದ್ಯಾಕೆ ಹೊಡೆದಿದ್ದೀರಿ?" ಅಂತ ಕೇಳಿದೆ. ಅವರ ಪಾತ್ರದಲ್ಲೇ ಎಲ್ಲಕ್ಕಿಂತ ಚಂದದ ಸಾಲುಗಳು ಅವು.

"ಸುದ್ದಿ ಹೇಳಿ ನಾನು ಹಾಡ್ತಾ ನಿಂತ್ರೆ ಯಜಮಾನ್ರು ಮರದಂಗೆ ನಿಂತಿರ್ಬೇಕಾಯ್ತದೆ. ಅವರಿಗೆ ಒಂದು ಗಳಿಗೆ ಬೇಕು, ಮಗ ಸತ್ತ ಅನ್ನೋದು ತಲೆಗೆ ಹೋಗೋಕೆ. ನಾನು ಸುಮ್ನೆ ನೆಲದ ಮೇಲೆ ಕೂತ್ಬುಡ್ತೀನಿ. ಅವರ ಒಳಗೆ ಐತೆ ಟೀಚರಮ್ಮ. ಅರಚಿ ಅರಚಿ ಮುಚ್ಚಿಟ್ಕೊಂಡವ್ರೆ ಅಷ್ಟೆ."

ನನ್ನ ಬ್ಯಾಗಿನಲ್ಲಿದ್ದ ಕಾಗದವನ್ನು ಹರಿದು ಹಾಕಿ ವಾಪಸು ಹೋಗಿಬಿಡೋಣ ಅನ್ನಿಸಿತು. ಧೈರ್ಯವಾಗಲಿಲ್ಲ. ಊರಿನ ತೀರ್ಮಾನ, ಅದರಲ್ಲಿ ನನ್ನ ಮಾತೂ ಸೇರಿತ್ತು. ತೆಗೆದುಕೊಟ್ಟೆ.

ಓದಿದರು. "ಅಕ್ಷರ ಚೆನ್ನಾಗೈತೆ. ನಿಮ್ದಾ?"

"ಹೂಂ."

"ಯಾಕೆ ಬ್ಯಾಡ ಅಂತ ಬರ್ದಿಲ್ಲ."

"ನಿಮ್ಮ ಮಾತು ಸ್ವಲ್ಪ ಜೋರು ಅಂತ ಅವರಿಗೆ ಬೇಜಾರು," ಅಂದೆ. ಅವರಿಗೆ ಅಂದೆ, ನಮಗೆ ಅನ್ನಲಿಲ್ಲ.

ಆಕೆ ಮತ್ತೆ ಸೊಪ್ಪು ಬಿಡಿಸತೊಡಗಿದರು. "ಮೊದಮೊದಲು ನಯವಾಗೇ ಹೇಳ್ತಿದ್ದೆ. ನಯವಾಗಿ ಹೇಳಿದ್ರೆ ಗಂಡಸ್ರು ನಮಗೆ ಕಾಫಿ ತರ್ಸ್ತಾರೆ ಕಣಮ್ಮ, ಪಾತ್ರ ತಿದ್ಕೊಳ್ಳಲ್ಲ. ಆಮೇಲೆ ಅದೇ ಬಾಯಿ ಆಗೋಯ್ತು. ಈಗ ನಂಗೇ ತಡ್ಯೋಕಾಗಲ್ಲ."

ಎಲೆಯನ್ನು ಕಸದ ಕಡೆಗೆ, ಕಡ್ಡಿಯನ್ನು ತಟ್ಟೆಗೆ ಹಾಕುತ್ತಿದ್ದರು. ನಾನು ನೋಡಿಯೂ ಹೇಳಲಿಲ್ಲ.

ಊಟ ಮಾಡಿಸದೆ ಕಳಿಸಲಿಲ್ಲ. ಮುದ್ದೆ ಉಂಡ ಮೇಲೆ ನೋಟ್‌ಬುಕ್ಕಿನಿಂದ ರಾಜನ ಹಾಳೆಗಳನ್ನು ಹರಿದು ನನ್ನ ಕೈಗಿಟ್ಟರು. "ನಂಗಿನ್ನು ಯಾಕೆ?" ಅಂದು, ಒಂದು ಗಂಟೆ ನನ್ನನ್ನು ಕೂರಿಸಿಕೊಂಡು ಆ ಮಾತುಗಳನ್ನು ಹೇಗೆ ಒಡೆಯಬೇಕು ಅಂತ ಹೇಳಿಕೊಟ್ಟರು. ನಾನು ತಪ್ಪಿದಾಗ ಆಗಲೂ ಬಯ್ದರು. "ಪಾಠ ಒಪ್ಪಿಸ್ಬೇಡಿ. ಯಾರಿಗೆ ಹೇಳ್ತಾ ಇದ್ದೀರಿ, ಅವರ ಮುಖ ನೋಡಿ." ಟ್ರೈನಿಂಗಿನಲ್ಲಿ ನನಗೆ ಯಾರೂ ಹೇಳದ ಮಾತು ಅದು. ಸೋಮವಾರದಿಂದ ನಾನು ಕ್ಲಾಸಿನಲ್ಲಿ ಪದ್ಯ ಓದುವ ರೀತಿಯೇ ಬದಲಾಯಿತು.

ಮನೆಯಲ್ಲಿ ಹಾಳೆಗಳ ವಿಚಾರ ಯಾರಿಗೂ ಹೇಳಲಿಲ್ಲ. ಹಾಲು ಕರೆಯುವ ಹೊತ್ತಿಗೆ ಅದನ್ನೇ ನೋಡಿ ಮಾವನವರಿಗೆ ಹೇಳಿಕೊಟ್ಟೆ. "ಇಷ್ಟು ಮೆತ್ತಗೆ ಯೋಳಿದ್ರೆ ಯಾರ್ಗವ್ವ ಕೇಳ್ತದೆ?" ಅಂತ ಮೊದಲೆರಡು ದಿನ ಗೊಣಗಿದರು. ಮೂರನೇ ದಿನ ಆ ಮಾತು ಹೇಳುತ್ತಿದ್ದ ಹಾಗೇ ಕೈ ನಿಂತಿತು, ಹಸು ತಿರುಗಿ ನೋಡಿತು.

ಹೊಸ ರಾಣಿ ಕೃಷ್ಣರಾಜಪೇಟೆಯಿಂದ ಬಂದರು. ಒಳ್ಳೆಯ ಹೆಣ್ಣುಮಗಳು. ಎಲ್ಲರನ್ನೂ ಅಣ್ಣಾ ಅನ್ನುತ್ತಿದ್ದರು, ತಂದ ಕಾಫಿ ಕುಡಿಯುತ್ತಿದ್ದರು, ಹಾಡೂ ಚೆನ್ನಾಗಿತ್ತು. ಆ ನಾಲ್ಕು ಸಾಲು ಬಿಡುತ್ತೀರಾ ಅಂತ ಕೇಳಿದ್ದಕ್ಕೆ, "ಅಯ್ಯೋ ಟೀಚರ್, ನನ್ನ ಕ್ಲಾಪ್ಸ್ ಬರೋದೇ ಅಲ್ಲಿ," ಅಂತ ನಕ್ಕುಬಿಟ್ಟರು. ನಾಟಕ ಚೆನ್ನಾಗಿಯೇ ಆಯಿತು. ಮೇಷ್ಟ್ರು ಹೆದರಿದಂತೆ ಏನೂ ಕೆಡಲಿಲ್ಲ. ರಾಣಿ ಹಾಡುವಷ್ಟು ಹೊತ್ತು ಮಾವನವರು ಮರದ ಹಾಗೇ ನಿಂತಿದ್ದರು, ಅದು ನಿಜ. ಆಮೇಲೆ ತಮ್ಮ ಮಾತನ್ನು ಎತ್ತಿಕೊಂಡರು, ಗರ್ಜಿಸದೆ, ಯಾರಿಗೋ ದಾರಿ ಕೇಳುವಷ್ಟು ಮೆಲ್ಲಗೆ. ಕಡ್ಲೆಕಾಯಿ ಸಿಪ್ಪೆ ಸುಲಿಯುವ ಸದ್ದು ಕೂಡ ನಿಂತುಹೋಯಿತು. ನಮ್ಮತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

ಒಂದು ವಾರ ಊರೆಲ್ಲ ಅದೇ ಮಾತು. ಕಂಡವರೆಲ್ಲ ಮಾವನವರನ್ನು ನಿಲ್ಲಿಸಿ ಹೊಗಳುವರು. ಅವರು, "ಎಲ್ಲ ನಮ್ ಸೊಸೆ ಯೋಳ್ಕೊಟ್ಟದ್ದು ಕಣ್ಲಾ," ಅಂದಾಗಲೆಲ್ಲ ನನಗೆ ಅನ್ನ ಸೇರುತ್ತಿರಲಿಲ್ಲ. ಕೊನೆಗೆ ಒಂದು ಬೆಳಿಗ್ಗೆ ಹಾಳೆಗಳನ್ನು ಕೊಟ್ಟಿಗೆಗೇ ತಂದು ತೋರಿಸಿದೆ. ಕೆಂಪು ಗೀಟುಗಳನ್ನು ನೋಡಿ, "ಇದು ಯಾರ್ದು?" ಅಂದರು. ಹೇಳಿದೆ. ನಾನು 'ಬೇಡ ಬಿಡಿ' ಅಂದದ್ದು ಸಿಟ್ಟಿಗೆ ಅನ್ನುವುದನ್ನೂ ಹೇಳಿದೆ.

ಅವರು ಪಾತ್ರೆ ಎತ್ತಿಕೊಂಡು ಎದ್ದುಹೋದರು. ಮೂರು ದಿನ ನನ್ನ ಹತ್ತಿರ ಮಾತಾಡಲಿಲ್ಲ. ನಾಲ್ಕನೇ ದಿನ, "ಅವ್ರು ಈಗ ಎಲ್ಲಿ ಪಾತ್ರ ಮಾಡ್ತಾವ್ರೆ, ಮೇಷ್ಟ್ರನ್ನ ವಸಿ ಇಚಾರ್ಸು," ಅಂದರು.

ಬೇಸಿಗೆ ರಜದಲ್ಲಿ ನಾಗಮಂಗಲದ ಒಂದು ಛತ್ರದಲ್ಲಿ ಹಗಲು ಹೊತ್ತು ನಾಟಕಗಳಿದ್ದವು. ಆಕೆ ಅಲ್ಲಿದ್ದಾರೆ ಅಂತ ತಿಳಿಯಿತು. ಮಾವನವರು, ನಾನು ಇಬ್ಬರೂ ಹೋದೆವು. ರಾಣಿಯಾಗಿ ಬರುತ್ತಾರೆ ಅಂತ ಕಾಯುತ್ತಿದ್ದರೆ ಬಂದದ್ದು ದಾಸಿಯಾಗಿ. ನಮ್ಮೂರಿನಲ್ಲಿ ಆಕೆಯನ್ನು ಪಾತ್ರದಿಂದ ತೆಗೆದ ಸುದ್ದಿ ಸುತ್ತಮುತ್ತ ಹಬ್ಬಿ, ಇನ್ನೆರಡು ಊರಿನವರೂ ಬೇಡವೆಂದಿದ್ದರಂತೆ. ಅದನ್ನು ಆಮೇಲೆ ಮೇಷ್ಟ್ರಿಂದ ತಿಳಿದೆ.

ದಾಸಿಗೆ ಇದ್ದದ್ದು ನಾಲ್ಕು ಮಾತು. ರಾಜಕುಮಾರಿ ಮುಂದೆ ಹಾಡುತ್ತಿದ್ದರೆ ಹಿಂದೆ ನಿಂತು ಬೀಸಣಿಗೆ ಬೀಸುವ ಕೆಲಸ. ರಾಜಕುಮಾರಿಯ ಮದುವೆ ಮುರಿಯಿತೆಂಬ ಮಾತು ಬಂದಾಗ ದಾಸಿಯ ಕೈಯ ಬೀಸಣಿಗೆ ನಿಲ್ಲಲಿಲ್ಲ. ಸ್ವಲ್ಪ ಜೋರಾಯಿತು, ಮಗುವಿಗೆ ಜ್ವರ ಬಂದಾಗ ತಾಯಿ ಬೀಸುವ ಹಾಗೆ. ಅಷ್ಟೇ. ಛತ್ರದಲ್ಲಿ ಎಷ್ಟು ಜನ ಅದನ್ನು ಕಂಡರೋ ಗೊತ್ತಿಲ್ಲ. ಮಾವನವರು ನನ್ನ ಕೈ ಹಿಡಿದುಕೊಂಡು, "ನೋಡ್ದಾ? ನೋಡ್ದೇನವ್ವಾ?" ಅಂದರು.

ನಾಟಕ ಮುಗಿದ ಮೇಲೆ ಹಿಂದುಗಡೆ ಹೋದೆವು. ಆಕೆ ಬಣ್ಣ ಒರೆಸಿಕೊಳ್ಳುತ್ತಿದ್ದರು. ಮಾವನವರು ಟವೆಲನ್ನು ಹೆಗಲಿಂದ ಕೈಗೆ ತೆಗೆದುಕೊಂಡು ನಿಂತರು. ಅವರು ಹಾಗೆ ನಿಂತದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

"ಬರೋ ವರ್ಷ ನಮ್ಮೂರ್ಗೆ ನೀವೇ ಬರ್ಬೇಕು," ಅಂದರು.

"ನನ್ನ ಬಾಯಿ ಬದಲಾಗಿಲ್ಲ ಯಜಮಾನ್ರೇ."

"ಗೊತ್ತು ಬುಡಿ. ಎಂಟು ಭಾನುವಾರ ಸಾಲ್ದು ನಂಗೆ, ಹತ್ತು ಮಡಿಕ್ಕಳಿ."

ಆಕೆ ಮುಖ ಒರೆಸುವುದನ್ನು ನಿಲ್ಲಿಸಿ, "ಆಯ್ತು," ಅಂದರು.

ಆಮೇಲೆ ನಾಲ್ಕು ವರ್ಷ ಸತತವಾಗಿ ನಮ್ಮೂರಿಗೆ ಬಂದರು. ಬಾಯಿ ಒಂದು ದಿನವೂ ತಗ್ಗಲಿಲ್ಲ. ಪ್ರತಿ ವರ್ಷ ಜಗಲಿಯಲ್ಲಿ ಮತ್ತೆ ಅದೇ ಚರ್ಚೆ. ಅವರು ಬೇಡ ಅನ್ನುವವರು ಇದ್ದೇ ಇರುತ್ತಿದ್ದರು. ಮಾವನವರು, "ಬಯ್ಸ್ಕಳೋನು ನಾನು, ನಿಮ್ಗೇನ್ಲಾ ಕಷ್ಟ?" ಅಂತ ಬಾಯಿ ಮುಚ್ಚಿಸುತ್ತಿದ್ದರು. ಅವರಿಬ್ಬರ ನಡುವೆ ಸ್ನೇಹ ಅನ್ನುವಂಥದ್ದೇನೂ ಬೆಳೆಯಲಿಲ್ಲ. ಪ್ರಾಕ್ಟೀಸು ಬಿಟ್ಟರೆ ಎರಡು ಮಾತು ಆಡುತ್ತಿರಲಿಲ್ಲ. ಆದರೆ ಆ ನಾಲ್ಕು ವರ್ಷ ನಮ್ಮೂರಿನ ನಾಟಕ ನೋಡಲು ಸುತ್ತಿನ ಊರುಗಳಿಂದ ಟ್ರಾಕ್ಟರು ಕಟ್ಟಿಕೊಂಡು ಜನ ಬಂದರು.

ಪೋಸ್ಟ್‌ಮ್ಯಾನ್ ಮಾತ್ರ ಮತ್ತೆ ಬಣ್ಣ ಹಚ್ಚಲಿಲ್ಲ. ಮಾವನವರೇ ಮನೆಗೆ ಹೋಗಿ ಕರೆದರೂ ಬರಲಿಲ್ಲ. ಒಂದು ಸಲ ನಾನು ಆಕೆಗೆ, "ನೀವೇ ಹೋಗಿ ಒಂದು ಮಾತು ಹೇಳಿ," ಅಂದೆ. "ಅವರು ನಿಜವಾಗ್ಲೂ ಚೆನ್ನಾಗಿ ಮಾಡ್ತಿರ್ಲಿಲ್ಲ ಟೀಚರಮ್ಮ," ಅಂದರು. ನಿಜವೇ. ಆದರೂ ನಾಟಕದ ದಿನ ಹಿಂದಿನ ಸಾಲಿನಲ್ಲಿ ಕೂತು, ಎಲ್ಲರ ಮಾತನ್ನೂ ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದ ಆ ಮನುಷ್ಯನನ್ನು ನೋಡಿದಾಗ ಆಕೆಯ ಮೇಲೆ ನನಗೆ ಸಿಟ್ಟು ಬರುತ್ತಿತ್ತು. ಈಗಲೂ ಆ ಒಂದು ವಿಷಯದಲ್ಲಿ ಆಕೆಯನ್ನು ಪೂರ್ತಿ ಕ್ಷಮಿಸಿಲ್ಲ. ಹಾಗಂತ ಆಕೆಯಿಂದ ಪಾತ್ರ ಕಿತ್ತುಕೊಂಡದ್ದು ಸರಿ ಅಂತಲೂ ನನಗೆ ಯಾವತ್ತೂ ಅನ್ನಿಸಿಲ್ಲ. ಬಾಯಿ ತಪ್ಪಾದಾಗ ಬಾಯಿಗೆ ಹೇಳಬೇಕಿತ್ತು. ನಾವು ಪಾತ್ರಕ್ಕೆ ಕೈ ಹಾಕಿದೆವು.

ಕೊನೆಯ ಸಲ ನಾನು ಆಕೆಯನ್ನು ಕಂಡದ್ದು ಕೃಷ್ಣರಾಜಪೇಟೆಯ ಬಸ್‌ಸ್ಟ್ಯಾಂಡಿನಲ್ಲಿ, ದಶಕ ಮುಗಿಯುತ್ತಾ ಬಂದಿದ್ದಾಗ. ಮಧ್ಯಾಹ್ನದ ಬಿಸಿಲು, ಬಸ್ಸುಗಳ ಗಲಾಟೆ. ಮೈಕಿನಲ್ಲಿ ಯಾವ ಬಸ್ಸು ಎಲ್ಲಿಗೆ ಅಂತ ಒಬ್ಬರು ಹೇಳುತ್ತಿದ್ದರು, ಒಂದಕ್ಷರವೂ ತಿಳಿಯುತ್ತಿರಲಿಲ್ಲ. ಅಷ್ಟರಲ್ಲಿ ಆ ದನಿ ಕೇಳಿಸಿತು. ತಿರುಗಿ ನೋಡಿದರೆ ಆಕೆ ಮೈಕಿನವರ ಕಿಟಕಿಯ ಮುಂದೆ ನಿಂತಿದ್ದರು. ಕೂದಲು ಅರ್ಧ ಬೆಳ್ಳಗಾಗಿತ್ತು.

"ಸ್ವಾಮಿ, ನೀವು ನಿಮಗೆ ಹೇಳ್ಕೊತಾ ಇದ್ದೀರೋ, ಜನಕ್ಕೆ ಹೇಳ್ತಾ ಇದ್ದೀರೋ? ಊರಿನ ಹೆಸರು ಬಾಯಿ ಬುಟ್ಟು ಹೇಳಿ. ಹೇಳಿ ಒಂದ್ ಗಳಿಗೆ ನಿಲ್ಸಿ. ಆಮೇಲೆ ಇನ್ನೊಂದೂರು."

ಕಿಟಕಿಯೊಳಗಿನ ಮನುಷ್ಯ ಜಗಳಕ್ಕೆ ಬರುತ್ತಾನೆ ಅಂದುಕೊಂಡೆ. ಅವನು ಒಂದು ಕ್ಷಣ ಆಕೆಯ ಮುಖ ನೋಡಿ, ಗಂಟಲು ಸರಿಮಾಡಿಕೊಂಡು, ಮೈಕು ಹತ್ತಿರ ಎಳೆದುಕೊಂಡ. ಆಕೆ ಕಿಟಕಿಯ ಕಟ್ಟೆಗೆ ಮೊಣಕೈ ಊರಿ, ಪೂರ್ತಿ ಕೇಳಿಸಿಕೊಳ್ಳುವ ತನಕ ಅಲ್ಲಿಂದ ಕದಲಲಿಲ್ಲ.